ಡೋರಿಯನ್ ಬಂದಾಗ ಅಬಾಕೊದ ದೋಣಿಗಳು ಎಲ್ಲಿಗೆ ಹೋಗಬೇಕಿತ್ತು? ಒಂದು ಪ್ರಕರಣ ಅಧ್ಯಯನ

2019ರ ಸೆಪ್ಟೆಂಬರ್ 1, ಭಾನುವಾರ. ಮಧ್ಯಾಹ್ನ ಹನ್ನೆರಡೂ ಮುಕ್ಕಾಲರ ಹೊತ್ತಿಗೆ ಡೋರಿಯನ್ ಚಂಡಮಾರುತ ಬಹಾಮಾಸ್‌ನ ಎಲ್ಬೋ ಕೇ ಎಂಬ ಪುಟ್ಟ ದ್ವೀಪಕ್ಕೆ ಬಡಿಯಿತು. ಗಾಳಿಯ ವೇಗ ಗಂಟೆಗೆ 295 ಕಿ.ಮೀ. ಅಟ್ಲಾಂಟಿಕ್‌ನಲ್ಲಿ ಇಷ್ಟು ವೇಗದ ಗಾಳಿಯೊಂದಿಗೆ ಚಂಡಮಾರುತ ನೆಲಕ್ಕೆ ಬಡಿದದ್ದು ಅದಕ್ಕೂ ಮೊದಲು ಒಂದೇ ಸಲ ದಾಖಲಾಗಿತ್ತು, 1935ರಲ್ಲಿ, ಫ್ಲಾರಿಡಾ ಕೀಸ್‌ನಲ್ಲಿ. ಸ್ವಲ್ಪ ಹೊತ್ತಲ್ಲೇ ಅದು ಪಕ್ಕದ ದೊಡ್ಡ ದ್ವೀಪ ಅಬಾಕೊದ ಮುಖ್ಯ ಊರು ಮಾರ್ಷ್ ಹಾರ್ಬರ್ ದಾಟಿತು. ರಾತ್ರಿ ಪಕ್ಕದ ಗ್ರ್ಯಾಂಡ್ ಬಹಾಮಾ ದ್ವೀಪದ ಮೇಲೆ ಬಂದು ಹೆಚ್ಚುಕಮ್ಮಿ ನಿಂತೇ ಬಿಟ್ಟಿತು. ಒಂದು ದಿನಕ್ಕಿಂತ ಜಾಸ್ತಿ ಹೊತ್ತು ಅಲ್ಲಿಂದ ಕದಲಲಿಲ್ಲ. ಸರ್ಕಾರಿ ಲೆಕ್ಕದಲ್ಲೇ ಸತ್ತವರು 70ಕ್ಕೂ ಜಾಸ್ತಿ. ನಾಪತ್ತೆ ಪಟ್ಟಿಯಲ್ಲಿ 200ಕ್ಕೂ ಜಾಸ್ತಿ ಹೆಸರು ಉಳಿದವು.

ಈ ಚಂಡಮಾರುತದ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಬಡಿದ ದಿನದ ಬಗ್ಗೆ ಬರೆದಿದ್ದಾರೆ. ನನಗೆ ಮುಖ್ಯ ಅನ್ನಿಸುವುದು ಅದಕ್ಕೆ ಮುಂಚಿನ ನಾಲ್ಕೈದು ದಿನ. ಅಬಾಕೊದಲ್ಲಿ ದೋಣಿ ಇಟ್ಟುಕೊಂಡವರಿಗೆ, ದೋಣಿಯಲ್ಲೇ ವಾಸ ಮಾಡುವವರಿಗೆ ಆ ದಿನಗಳಲ್ಲಿ ಇದ್ದದ್ದು ಮೂರು ಪ್ರಶ್ನೆ. ದೋಣಿ ಕಟ್ಟಿ ಇಡೋದಾ, ಓಡಿಸಿಕೊಂಡು ಹೋಗೋದಾ, ಬಿಟ್ಟು ವಿಮಾನ ಹತ್ತೋದಾ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ. ತಗ್ಗಾದ ದ್ವೀಪದಲ್ಲಿ ಈ ತೀರ್ಮಾನವನ್ನು ಮುನ್ಸೂಚನೆ ಇನ್ನೂ ಮಸುಕಾಗಿರುವಾಗಲೇ ಮಾಡಬೇಕು. ಅದು ಖಚಿತವಾಗುವ ಹೊತ್ತಿಗೆ ಹೋಗಲು ಜಾಗವೇ ಉಳಿದಿರುವುದಿಲ್ಲ.

ಜಾಗ ಎಂಥದ್ದು

ಬಹಾಮಾಸ್ ಅಂದರೆ 700ಕ್ಕೂ ಹೆಚ್ಚು ದ್ವೀಪ, ಕುದುರುಗಳು. ಇಡೀ ದೇಶದ ಅತಿ ಎತ್ತರದ ಗುಡ್ಡ ಕ್ಯಾಟ್ ಐಲ್ಯಾಂಡ್‌ನಲ್ಲಿದೆ, ಅದೂ ಬರೀ 63 ಮೀಟರ್. ಅಬಾಕೊ, ಗ್ರ್ಯಾಂಡ್ ಬಹಾಮಾ ಇನ್ನೂ ಚಪ್ಪಟೆ. ಸುಣ್ಣಕಲ್ಲಿನ ನೆಲ, ಮೇಲೆ ಪೈನ್ ಮರ, ಅಂಚಿಗೆ ಕಾಂಡ್ಲಾ ಗಿಡ. ಅಬಾಕೊದ ಪೂರ್ವಕ್ಕೆ ಮಾಲೆ ಹಾಗೆ ಸಣ್ಣ ದ್ವೀಪಗಳ ಸಾಲು: ಎಲ್ಬೋ ಕೇ, ಮ್ಯಾನ್-ಓ-ವಾರ್, ಗ್ರೇಟ್ ಗ್ವಾನಾ, ಗ್ರೀನ್ ಟರ್ಟಲ್. ಈ ಸಾಲಿಗೂ ದೊಡ್ಡ ದ್ವೀಪಕ್ಕೂ ನಡುವೆ ಆಳ ಕಮ್ಮಿ ಇರುವ ತಿಳಿ ಸಮುದ್ರ, ಅದೇ ಸೀ ಆಫ್ ಅಬಾಕೊ. ಹಾಯಿದೋಣಿಯವರಿಗೆ ಇದು ಸ್ವರ್ಗ. ಹೊರಗೆ ಅಟ್ಲಾಂಟಿಕ್ ಎಷ್ಟೇ ಕುದಿಯಲಿ, ಒಳಗೆ ನೆಮ್ಮದಿ. ಅದಕ್ಕೇ ಅಲ್ಲಿ ಬಾಡಿಗೆಗೆ ಕೊಡುವ ಹಾಯಿದೋಣಿಗಳ ದೊಡ್ಡ ನೆಲೆ ಬೆಳೆದದ್ದು. ಮ್ಯಾನ್-ಓ-ವಾರ್‌ನಲ್ಲಂತೂ ತಲೆಮಾರುಗಳಿಂದ ದೋಣಿ ಕಟ್ಟುವುದೇ ಕಸುಬು.

ಎಲ್ಬೋ ಕೇಯಲ್ಲಿರುವ ಊರು ಹೋಪ್ ಟೌನ್. ಅದರ ಬಂದರು ಸುತ್ತ ನೆಲ ಆವರಿಸಿದ ಸಣ್ಣ ಕೊಳದ ಥರ, ಒಳಗೆ ಬರಲು ಕಿರಿದಾದ ಬಾಯಿ. ಇಂಥ ಜಾಗಕ್ಕೆ ನಾವಿಕರು 'ಹರಿಕೇನ್ ಹೋಲ್' ಅನ್ನುತ್ತಾರೆ. ಚಂಡಮಾರುತ ಬಂದರೆ ಇಲ್ಲಿ ನುಗ್ಗಿ, ನಾಲ್ಕೂ ಕಡೆ ಹಗ್ಗ ಕಟ್ಟಿ, ಕಾಂಡ್ಲಾ ಗಿಡದ ಬುಡಕ್ಕೂ ಸುತ್ತಿ ಕೂರೋದು. 1999ರ ಸೆಪ್ಟೆಂಬರ್‌ನಲ್ಲಿ ಫ್ಲಾಯ್ಡ್ ಚಂಡಮಾರುತ ಬಂತು, 2004ರಲ್ಲಿ ಫ್ರಾನ್ಸಿಸ್ ಮತ್ತು ಜೀನ್ ಒಂದರ ಹಿಂದೆ ಒಂದು ಬಂದವು. ಊರಿನವರು ಎಲ್ಲವನ್ನೂ ಕಂಡವರು. ನಷ್ಟ ಆಯಿತು, ಊರು ಮತ್ತೆ ಎದ್ದಿತು. ಹಾಗಾಗಿ ಜನರ ಮನಸ್ಸಿನಲ್ಲಿ ಒಂದು ಅಳತೆ ಕೂತಿತ್ತು: ಫ್ಲಾಯ್ಡ್ ತಡೆದ ಜಾಗ ಇನ್ನು ಯಾವುದನ್ನೂ ತಡೆಯುತ್ತದೆ. ಇದು ದಡ್ಡತನ ಅಲ್ಲ. ಸಮುದ್ರದವರು ಕಲಿಯುವುದೇ ಹೀಗೆ, ಹಿಂದೆ ಆದದ್ದನ್ನು ನೋಡಿ. ಆದರೆ ಗಾಳಿಯ ಲೆಕ್ಕ ಬೇರೆ. ವೇಗ ಎರಡು ಪಟ್ಟಾದರೆ ಗಾಳಿ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 160 ಕಿ.ಮೀ. ಗಾಳಿಗೆ ಸರಿಯಾಗಿ ಕಟ್ಟಿದ ದೋಣಿ 295ರಲ್ಲಿ ಮೂರು ಪಟ್ಟಿಗಿಂತ ಜಾಸ್ತಿ ಬಲ ತಡೆಯಬೇಕು. ಅಷ್ಟು ಹಗ್ಗ, ಅಷ್ಟು ಗಟ್ಟಿ ಗೂಟ ಯಾವ ದೋಣಿಯಲ್ಲೂ ಇರಲ್ಲ.

ಆ ವಾರ

ಡೋರಿಯನ್ ಹುಟ್ಟಿದ್ದು ಆಗಸ್ಟ್ 24ರಂದು, ಅಟ್ಲಾಂಟಿಕ್‌ನ ನಡುವೆ. ಮೊದಮೊದಲು ಅದೊಂದು ಸಣ್ಣ, ಬಡಕಲು ಬಿರುಗಾಳಿ. ಬಾರ್ಬಡೋಸ್, ಸೇಂಟ್ ಲೂಸಿಯಾ ದಾಟಿತು. ಮುಂದೆ ಪೋರ್ಟರಿಕೋ ಅಥವಾ ಹಿಸ್ಪ್ಯಾನಿಯೋಲಾದ ಬೆಟ್ಟಗಳ ಮೇಲೆ ಹೋಗುತ್ತದೆ ಎಂಬ ಅಂದಾಜಿತ್ತು. ಬೆಟ್ಟಕ್ಕೆ ಸಿಕ್ಕರೆ ಇಂಥ ಸಣ್ಣ ಬಿರುಗಾಳಿ ಚೂರಾಗುವುದು ಸಾಮಾನ್ಯ. ಅಬಾಕೊದಲ್ಲಿದ್ದವರು ಆಗ ನಿರಾಳವಾಗಿದ್ದರೆ ಅದರಲ್ಲಿ ತಪ್ಪೇನಿಲ್ಲ. ಆದರೆ ಆಗಸ್ಟ್ 28ರಂದು ಅದು ಎಣಿಸಿದ್ದಕ್ಕಿಂತ ಪೂರ್ವಕ್ಕೆ ಸರಿದು, ವರ್ಜಿನ್ ದ್ವೀಪಗಳ ಮೇಲೆ ಹಾದು, ಬೆಟ್ಟ ತಪ್ಪಿಸಿಕೊಂಡು ತೆರೆದ ಸಮುದ್ರಕ್ಕೆ ಬಂದುಬಿಟ್ಟಿತು. ಅಲ್ಲೇ ಹರಿಕೇನ್, ಅಂದರೆ ಪೂರ್ಣ ಬಲದ ಚಂಡಮಾರುತ ಆಯಿತು. ಮುಂದೆ ಇದ್ದದ್ದು ಬೆಚ್ಚಗಿನ ನೀರು ಮಾತ್ರ, ತಡೆಯಲು ಏನೂ ಇಲ್ಲ.

ಈ ಪ್ರಕರಣದ ತಿರುವು ಇದೇ ದಿನ ಅಂತ ನನಗೆ ಅನ್ನಿಸುತ್ತದೆ. ಯಾಕೆಂದರೆ ಆಗಿನಿಂದ ಎಲ್ಲರ ಬಾಯಲ್ಲೂ ಫ್ಲಾರಿಡಾ. ಟೀವಿಯಲ್ಲಿ, ನಕ್ಷೆಯಲ್ಲಿ, ಸುದ್ದಿಯಲ್ಲಿ ಬಾಣದ ತುದಿ ಫ್ಲಾರಿಡಾದ ಪೂರ್ವ ಕರಾವಳಿಯ ಕಡೆ. ಬಹಾಮಾಸ್ ದಾರಿ ಮಧ್ಯದ ಚುಕ್ಕೆಗಳಂತೆ ಕಾಣುತ್ತಿತ್ತು. ಮಿಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರ ಕೊಡುವ ಕೋನ್ (ಶಂಕು ಆಕಾರದ) ನಕ್ಷೆಯನ್ನು ನೋಡುವಾಗ ಒಂದು ವಿಷಯ ತಲೆಯಲ್ಲಿರಬೇಕು. ಆ ಕೋನ್ ತೋರಿಸುವುದು ಚಂಡಮಾರುತದ ಕೇಂದ್ರ ಎಲ್ಲಿರಬಹುದು ಅನ್ನುವುದನ್ನು ಮಾತ್ರ. ಗಾಳಿ ಎಲ್ಲಿಯವರೆಗೆ ಬೀಸುತ್ತದೆ, ನೀರು ಎಲ್ಲಿಯವರೆಗೆ ಏರುತ್ತದೆ ಅನ್ನುವುದು ಅದರಲ್ಲಿಲ್ಲ. ಹಿಂದಿನ ಐದು ವರ್ಷಗಳ ಮುನ್ಸೂಚನೆಯ ತಪ್ಪುಗಳನ್ನು ಲೆಕ್ಕ ಹಾಕಿ ಅದರ ಅಗಲ ಗೊತ್ತುಮಾಡುತ್ತಾರೆ. ಕೇಂದ್ರ ಆ ಅಗಲದೊಳಗೆ ಉಳಿಯುವುದು ಮೂರರಲ್ಲಿ ಎರಡು ಸಲ. ಅಂದರೆ ಮೂರರಲ್ಲಿ ಒಂದು ಸಲ ಕೇಂದ್ರವೇ ಕೋನ್‌ನಿಂದ ಆಚೆ ಹೋಗುತ್ತದೆ.

ನಾವಿಕರಿಗೆ ಇದಕ್ಕಿಂತ ಒಳ್ಳೆಯ ಹಳೆಯ ನಿಯಮ ಒಂದಿದೆ, 1-2-3 ನಿಯಮ ಅನ್ನುತ್ತಾರೆ. ಚಂಡಮಾರುತದ ಸುತ್ತ 34 ನಾಟ್ (ಗಂಟೆಗೆ ಸುಮಾರು 63 ಕಿ.ಮೀ.) ಗಾಳಿ ಎಷ್ಟು ದೂರ ಬೀಸುತ್ತದೋ ಅದಕ್ಕೆ 24 ಗಂಟೆಯ ಮುನ್ಸೂಚನೆಯಲ್ಲಿ 100 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಅಂದರೆ ಸುಮಾರು 1.85 ಕಿ.ಮೀ.), 48 ಗಂಟೆಗೆ 200, 72 ಗಂಟೆಗೆ 300 ಸೇರಿಸಿ ವೃತ್ತ ಎಳೆಯಬೇಕು. ಆ ವೃತ್ತದೊಳಗೆ ದೋಣಿ ಇರಬಾರದು, ಅಷ್ಟೇ. ಈ ನಿಯಮ ಹಿಡಿದು ನೋಡಿದರೆ ಆಗಸ್ಟ್ 29ರ ಸಂಜೆಯೇ, ಅಂದರೆ ಬಡಿಯುವುದಕ್ಕೆ ಮೂರು ದಿನ ಮುಂಚೆಯೇ, ಅಬಾಕೊ ಅಪಾಯದ ವೃತ್ತದೊಳಗಿತ್ತು. ಕೋನ್‌ನ ನಡುಗೆರೆ ಎಲ್ಲಿಗೆ ಹೋಗುತ್ತಿದೆ ಅನ್ನುವ ಪ್ರಶ್ನೆಯೇ ಬೇಕಿರಲಿಲ್ಲ.

ಆಮೇಲೆ ಎಲ್ಲವೂ ವೇಗವಾಗಿ ನಡೆಯಿತು. 30ರಂದು ಡೋರಿಯನ್ ಮೂರನೇ ದರ್ಜೆ, ಅದೇ ದಿನ ರಾತ್ರಿ ನಾಲ್ಕನೇ ದರ್ಜೆ. ಭಾನುವಾರ ಬೆಳಿಗ್ಗೆ ಐದನೇ ದರ್ಜೆ, ಅದೇ ಎಲ್ಲಕ್ಕಿಂತ ಮೇಲಿನದು. ಸರ್ಕಾರ ತಗ್ಗಿನ ಸಣ್ಣ ದ್ವೀಪಗಳನ್ನು ಬಿಟ್ಟು ಹೊರಡಿ ಅಂತ ಮತ್ತೆ ಮತ್ತೆ ಹೇಳಿತು. ಕೆಲವರು ಹೊರಟರು, ಬಹಳ ಜನ ಉಳಿದರು.

ಓಡುವುದಾದರೆ ಯಾವ ಕಡೆಗೆ

ಇಲ್ಲೇ ನಾವಿಕರ ನಿಜವಾದ ಇಕ್ಕಟ್ಟು. ಸಾಮಾನ್ಯ ದಿನಗಳಲ್ಲಿ ಅಬಾಕೊದವರು ಓಡುವುದು ಪಶ್ಚಿಮಕ್ಕೆ, ಫ್ಲಾರಿಡಾಕ್ಕೆ. ಮಾರ್ಷ್ ಹಾರ್ಬರ್‌ನಿಂದ ಪಾಮ್ ಬೀಚ್ ನೇರ ಗೆರೆಯಲ್ಲೇ ಸುಮಾರು 160 ನಾಟಿಕಲ್ ಮೈಲಿ. ಐದಾರು ನಾಟ್ ವೇಗದ ಹಾಯಿದೋಣಿಗೆ ಒಂದು ಹಗಲು, ಒಂದು ರಾತ್ರಿ ದಾಟಿಯೂ ಸಮಯ ಬೇಕು. ದಾರಿಯಲ್ಲಿ ಗಲ್ಫ್ ಸ್ಟ್ರೀಮ್ ಎಂಬ ಬಲವಾದ ಪ್ರವಾಹ ಉತ್ತರಕ್ಕೆ ಹರಿಯುತ್ತದೆ, ಅದಕ್ಕೆ ಎದುರಾಗಿ ಉತ್ತರದ ಗಾಳಿ ಬಂದರೆ ಅಲೆಗಳು ಗೋಡೆಯಂತೆ ಏಳುತ್ತವೆ. ಇಷ್ಟೆಲ್ಲಾ ಮಾಡಿ ತಲುಪುವ ಫ್ಲಾರಿಡಾವೇ ಬಾಣದ ತುದಿಯಲ್ಲಿತ್ತು! ಚಂಡಮಾರುತ ಹೋಗುವ ದಿಕ್ಕಿಗೇ ಅದರ ಮುಂದೆ ಮುಂದೆ ಓಡಿದ ಹಾಗೆ.

ದಕ್ಷಿಣಕ್ಕೆ ನಸ್ಸಾವ್ ಸುಮಾರು 90 ನಾಟಿಕಲ್ ಮೈಲಿ. ಅದರಾಚೆ ಎಕ್ಸೂಮಾ ದ್ವೀಪಗಳು. ಉತ್ತರ ಗೋಳದಲ್ಲಿ ಪಶ್ಚಿಮಕ್ಕೆ ಸಾಗುವ ಚಂಡಮಾರುತದ ಬಲಮಗ್ಗುಲು, ಅಂದರೆ ಉತ್ತರ ಭಾಗ, ಕೆಟ್ಟದ್ದು. ಅಲ್ಲಿ ಸುತ್ತುವ ಗಾಳಿಗೆ ಚಂಡಮಾರುತದ ಸ್ವಂತ ನಡಿಗೆಯೂ ಸೇರಿಕೊಳ್ಳುತ್ತದೆ, ದೋಣಿಯನ್ನು ಅದರ ದಾರಿಗೇ ತಳ್ಳುತ್ತದೆ. ಎಡಮಗ್ಗುಲಲ್ಲಿ ಎರಡೂ ಸ್ವಲ್ಪ ಕಡಿಮೆ. ಹಾಗಾಗಿ ಡೋರಿಯನ್ ವಿಷಯದಲ್ಲಿ ದಕ್ಷಿಣವೇ ಸರಿಯಾದ ದಿಕ್ಕಾಗಿತ್ತು, ಶುಕ್ರವಾರದೊಳಗೆ ಹೊರಟಿದ್ದರೆ. ನಸ್ಸಾವ್‌ಗೆ ಜೋರು ಮಳೆ ಬಂತು, ರಸ್ತೆಗಳಲ್ಲಿ ನೀರು ನಿಂತಿತು, ಆದರೆ ಅಬಾಕೊದ ಗತಿ ಬರಲಿಲ್ಲ. ಆದರೂ ದಕ್ಷಿಣಕ್ಕೆ ಹೊರಡುವುದು ಮನಸ್ಸಿಗೆ ಕಷ್ಟ. ಡೋರಿಯನ್ ಆಗ ಆಗ್ನೇಯದಲ್ಲಿತ್ತು, ದಕ್ಷಿಣಕ್ಕೆ ಹೋಗುವುದು ಅಂದರೆ ಅದರ ಹತ್ತಿರಕ್ಕೇ ಹೋದಂತೆ ಕಾಣುತ್ತದೆ. ದಾರಿ ಸ್ವಲ್ಪ ತಿರುಗಿದರೂ ಎದುರಾಬದುರು ಸಿಕ್ಕಿಬೀಳಬಹುದು ಅನ್ನುವ ಭಯ ಸುಮ್ನೆ ಭಯ ಅಲ್ಲ.

ಆ ಭಯಕ್ಕೆ ಅದೇ ಸಮುದ್ರದಲ್ಲಿ ಒಂದು ಕರಾಳ ಉದಾಹರಣೆ ಇತ್ತು. 2015ರ ಅಕ್ಟೋಬರ್ 1ರಂದು ಎಲ್ ಫಾರೋ ಎಂಬ ಸರಕು ಹಡಗು ಬಹಾಮಾಸ್‌ನ ಕ್ರೂಕೆಡ್ ದ್ವೀಪದ ಹತ್ತಿರ ವಾಕೀನ್ ಚಂಡಮಾರುತದಲ್ಲಿ ಮುಳುಗಿತು. ಜಾಕ್ಸನ್‌ವಿಲ್‌ನಿಂದ ಸ್ಯಾನ್ ವಾನ್‌ಗೆ ಹೊರಟಿದ್ದ ಹಡಗು. ಹಡಗಿನಲ್ಲಿದ್ದ 33 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಕ್ಯಾಪ್ಟನ್ ನಂಬಿದ್ದ ಹವಾಮಾನ ನಕ್ಷೆಯಲ್ಲಿದ್ದ ಮಾಹಿತಿ ಹಲವು ಗಂಟೆ ಹಳೆಯದು ಅಂತ ತನಿಖೆಯಲ್ಲಿ ಗೊತ್ತಾಯಿತು. ಅಷ್ಟು ದೊಡ್ಡ ಹಡಗಿಗೇ ಹೀಗಾದರೆ ನಲವತ್ತು ಅಡಿಯ ಹಾಯಿದೋಣಿಯಲ್ಲಿ ಗಂಡ ಹೆಂಡತಿ ಇಬ್ಬರೇ ಇರುವವರು ಏನು ಮಾಡಬೇಕು? ಹಾಗಾಗಿ ಉಳಿದು ಕಟ್ಟಿಕೊಂಡವರನ್ನು ನಾನು ಬೈಯುವುದಿಲ್ಲ. ಆದರೆ ದೋಣಿ ಕಟ್ಟಿದ ಮೇಲೂ ದೋಣಿಯೊಳಗೇ ಉಳಿಯುವುದು ಬೇರೆ ಮಾತು. ಅದು ಬೇಡ, ಯಾವತ್ತೂ ಬೇಡ. ನಾಲ್ಕನೇ ದರ್ಜೆಯ ಗಾಳಿಯಲ್ಲಿ ಡೆಕ್ ಮೇಲೆ ನಿಂತು ಮನುಷ್ಯ ಮಾಡಬಹುದಾದ ಕೆಲಸ ಒಂದೂ ಇಲ್ಲ.

ದೋಣಿ ಕಟ್ಟುವುದು ಅಂದರೆ

ಗೊತ್ತಿಲ್ಲದವರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲು ಹಾಯಿಗಳನ್ನು ಪೂರ್ತಿ ಇಳಿಸಿ ಒಳಗಿಡಬೇಕು. ಸುತ್ತಿ ಬಿಟ್ಟರೆ ಸಾಲದು. ಸುತ್ತಿದ ಹಾಯಿಯ ಒಂದು ಮೂಲೆ ಬಿಚ್ಚಿಕೊಂಡರೆ ಅದು ಹರಿಯುವವರೆಗೆ ಬಡಿಯುತ್ತದೆ, ಹಾಯಿಕಂಬವನ್ನೇ ಎಳೆದು ಬೀಳಿಸುತ್ತದೆ. ಬಿಸಿಲಿನ ಚಪ್ಪರ, ಸೋಲಾರ್ ಹಲಗೆ, ರಬ್ಬರ್ ದೋಣಿ, ಎಲ್ಲಾ ತೆಗೆಯಬೇಕು. ಆಮೇಲೆ ಹಗ್ಗ. ನೈಲಾನ್ ಹಗ್ಗ ಹಿಗ್ಗುತ್ತದೆ, ಜಗ್ಗಾಟ ತಡೆಯುತ್ತದೆ, ಒಳ್ಳೆಯದೇ. ಆದರೆ ದೋಣಿಯ ಅಂಚಿನ ಕೊಂಡಿಯಲ್ಲಿ ಅದೇ ಹಗ್ಗ ಸಾವಿರಾರು ಸಲ ಹಿಂದಕ್ಕೆ ಮುಂದಕ್ಕೆ ಉಜ್ಜಿದಾಗ ಬಿಸಿಯಾಗುತ್ತದೆ. ಒಳಗಿನ ಎಳೆಗಳು ಕರಗಿ ಅಂಟಿಕೊಂಡು ಹಗ್ಗ ತುಂಡಾಗುತ್ತದೆ. ಅದಕ್ಕೇ ಅನುಭವಸ್ಥರು ಉಜ್ಜುವ ಜಾಗಕ್ಕೆ ಪಾಲಿಯೆಸ್ಟರ್ ಹಗ್ಗದ ತುಂಡು ಜೋಡಿಸಿ, ಮೇಲೆ ದಪ್ಪ ಕ್ಯಾನ್ವಾಸ್ ಹೊದಿಸುತ್ತಾರೆ. ಇಷ್ಟು ಮಾಡಲು ಇಬ್ಬರಿಗೆ ಒಂದು ದಿನ ಸಾಲದು. ಲಂಗರಿಗೆ ಅಲ್ಲಿಯ ತಳವೂ ಅಷ್ಟಾಗಿ ಒಗ್ಗಲ್ಲ. ಬಹಳ ಕಡೆ ತೆಳುವಾದ ಮರಳು, ಸಮುದ್ರ ಹುಲ್ಲು, ಕೆಳಗೆ ಗಟ್ಟಿ ಸುಣ್ಣಕಲ್ಲು. ಲಂಗರು ಕಚ್ಚುವುದೇ ಇಲ್ಲ, ಮೇಲೆ ಮೇಲೆ ಕೆರೆದುಕೊಂಡು ಹೋಗುತ್ತದೆ.

ದೋಣಿಯನ್ನು ನೆಲದ ಮೇಲೆ ಎತ್ತಿ, ಉಕ್ಕಿನ ಊರುಗೋಲುಗಳ ಮೇಲೆ ನಿಲ್ಲಿಸುವುದು ಇನ್ನೊಂದು ದಾರಿ. ಗಾಳಿ ಮಾತ್ರ ಬಂದರೆ ಇದು ವಾಸಿ. ನೀರು ಬಂದರೆ? ನೀರು ಏರಿದರೆ ದೋಣಿ ತೇಲುತ್ತದೆ, ಊರುಗೋಲು ಬೀಳುತ್ತದೆ, ಒಂದು ದೋಣಿ ಪಕ್ಕದ್ದರ ಮೇಲೆ, ಅದು ಅದರ ಪಕ್ಕದ್ದರ ಮೇಲೆ. ದಕ್ಕೆಗೆ ಕಟ್ಟಿದವರ ಕಥೆಯೂ ಹೀಗೇ. ತೇಲುವ ದಕ್ಕೆ ಕಂಬಗಳಿಗೆ ಸಿಕ್ಕಿಸಿರುತ್ತದೆ, ನೀರು ಕಂಬದ ತುದಿಗಿಂತ ಮೇಲೆ ಬಂದರೆ ಇಡೀ ದಕ್ಕೆಯೇ ದೋಣಿಗಳ ಸಮೇತ ಕಳಚಿಕೊಂಡು ಹೊರಡುತ್ತದೆ.

ಡೋರಿಯನ್‌ನಲ್ಲಿ ಸೋಲಿಸಿದ್ದು ಈ ನೀರು. ಕೇಂದ್ರದಲ್ಲಿ ಗಾಳಿಯ ಒತ್ತಡ ಸುಮಾರು 911 ಮಿಲಿಬಾರ್‌ಗೆ ಇಳಿದಿತ್ತು (ಸಾಮಾನ್ಯವಾಗಿ ಸುಮಾರು 1013 ಇರುತ್ತದೆ). ಒಂದು ಮಿಲಿಬಾರ್ ಕಮ್ಮಿಯಾದರೆ ಸಮುದ್ರ ಸುಮಾರು ಒಂದು ಸೆಂಟಿಮೀಟರ್ ಮೇಲೆ ಏಳುತ್ತದೆ, ಅಂದರೆ ಅದರಿಂದಲೇ ಸುಮಾರು ಒಂದು ಮೀಟರ್. ಉಳಿದದ್ದು ಗಾಳಿ ತಳ್ಳಿ ತಂದದ್ದು. ಆಳ ಸಮುದ್ರದಲ್ಲಿ ತಳ್ಳಿದ ನೀರು ಕೆಳಗಿನಿಂದ ವಾಪಸ್ ಹೋಗುತ್ತದೆ. ಇಲ್ಲಿ ಲಿಟ್ಲ್ ಬಹಾಮಾ ಬ್ಯಾಂಕ್ ಎಂಬ ಕೆಲವೇ ಮೀಟರ್ ಆಳದ ದೊಡ್ಡ ತಟ್ಟೆ, ನೀರಿಗೆ ಹೋಗಲು ಜಾಗವಿಲ್ಲ, ಮೇಲೇರಲೇಬೇಕು. 18ರಿಂದ 23 ಅಡಿವರೆಗೆ ನೀರು ಏರಬಹುದು ಅಂತ ಹರಿಕೇನ್ ಕೇಂದ್ರ ಎಚ್ಚರಿಸಿತ್ತು. ಮನೆಗಳೇ ಅಷ್ಟು ಎತ್ತರದಲ್ಲಿಲ್ಲ! ಗ್ರ್ಯಾಂಡ್ ಬಹಾಮಾದಲ್ಲಿ ನೀರು ಬಂದದ್ದು ದಕ್ಷಿಣದ ತೆರೆದ ಸಮುದ್ರದಿಂದಲ್ಲ, ಉತ್ತರದ ಈ ಆಳವಿಲ್ಲದ ಕಡೆಯಿಂದ. ಫ್ರೀಪೋರ್ಟ್‌ನ ವಿಮಾನ ನಿಲ್ದಾಣ ಮುಳುಗಿತು, ಆಸ್ಪತ್ರೆಗೂ ನೀರು ನುಗ್ಗಿತು.

ಗಾಳಿಯ ದಿಕ್ಕೂ ತಿರುಗಿತು. ಕಣ್ಣು ಊರಿನ ಮೇಲೆ ಬರುವವರೆಗೆ ಉತ್ತರದ ಗಾಳಿ. ಕಣ್ಣಿನೊಳಗೆ ಸ್ವಲ್ಪ ಹೊತ್ತು ಶಾಂತಿ, ಬಿಸಿಲು. ಕಣ್ಣು ದಾಟಿದ ಮೇಲೆ ಅದೇ ಗಾಳಿ ದಕ್ಷಿಣದಿಂದ. ಉತ್ತರಕ್ಕೆ ಮುಖ ಮಾಡಿ ಕಟ್ಟಿದ ದೋಣಿಗೆ ಈಗ ಬೆನ್ನ ಮೇಲೆ ಏಟು. ಇದ್ದ ಬದ್ದ ಹಗ್ಗವೆಲ್ಲ ಅಷ್ಟು ಹೊತ್ತಿಗೆ ಅರ್ಧ ಸವೆದಿರುತ್ತದೆ.

ನಾವಿಕರ ಇನ್ನೊಂದು ದೊಡ್ಡ ಚಿಂತೆ ಪಕ್ಕದ ದೋಣಿ. ನೀವು ಎಷ್ಟೇ ಚೆನ್ನಾಗಿ ಕಟ್ಟಿ, ಗಾಳಿ ಬರುವ ಕಡೆಗಿರುವ ದೋಣಿ ಬಿಚ್ಚಿಕೊಂಡರೆ ಮುಗಿಯಿತು. ಬಾಡಿಗೆ ದೋಣಿಗಳಲ್ಲಿ ಜಾಸ್ತಿ ಇರುವುದು ಕ್ಯಾಟಮರಾನ್, ಎರಡು ಒಡಲಿನ ಅಗಲವಾದ ದೋಣಿ, ಗಾಳಿ ಹಿಡಿಯುವುದು ಜಾಸ್ತಿ. ಎರಡು ವರ್ಷ ಮುಂಚೆ, 2017ರ ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತದಲ್ಲಿ ಟಾರ್ಟೋಲಾ ದ್ವೀಪದ ಪಾರಾಕೀಟಾ ಕೊಲ್ಲಿಯಲ್ಲಿ ಇದೇ ಆಗಿತ್ತು. ಸುರಕ್ಷಿತ ಅಂತ ಅಲ್ಲಿ ಒತ್ತೊತ್ತಾಗಿ ಕಟ್ಟಿದ್ದ ದೋಣಿಗಳು ಒಂದರ ಮೇಲೊಂದು ರಾಶಿ ಬಿದ್ದವು. ಒಂದು ಒಳ್ಳೆಯ ಜಾಗ ಅಂತ ಎಲ್ಲರೂ ಅಲ್ಲಿಗೇ ಬಂದರೆ ಅದು ಒಳ್ಳೆಯ ಜಾಗವಾಗಿ ಉಳಿಯಲ್ಲ, ಅಲ್ವಾ?

ವಿಮೆ, ಋತು, ನಮ್ಮ ಮಂಗಳೂರು ಬಂದರು

ಅಟ್ಲಾಂಟಿಕ್‌ನಲ್ಲಿ ಹರಿಕೇನ್ ಕಾಲ ಜೂನ್ 1ರಿಂದ ನವೆಂಬರ್ 30. ಎಷ್ಟೋ ದೋಣಿ ವಿಮೆಗಳಲ್ಲಿ ಆ ತಿಂಗಳುಗಳಲ್ಲಿ ಇಂತಿಷ್ಟು ಅಕ್ಷಾಂಶದ ನಡುವೆ ದೋಣಿ ಇರಬಾರದು, ಇದ್ದರೆ ಪರಿಹಾರ ಇಲ್ಲ ಅಥವಾ ಕಮ್ಮಿ ಅಂತ ಬರೆದಿರುತ್ತದೆ. ಕಾಗದದ ಮೇಲಿನ ಶರತ್ತು ಅಂತ ಜನ ಗೊಣಗುತ್ತಾರೆ. ಆದರೆ ನೋಡಿ, ಇಡೀ ಪ್ರಕರಣದಲ್ಲಿ ಮುನ್ಸೂಚನೆಯ ಮೇಲೆ ನಿಲ್ಲದ ತೀರ್ಮಾನ ಇದೊಂದೇ. ಮೇ ತಿಂಗಳಲ್ಲೇ ಹೊರಟುಹೋದವನಿಗೆ ಆಗಸ್ಟ್ 28ರ ರಾತ್ರಿ ನಿದ್ದೆ ಕೆಡಲಿಲ್ಲ.

ನಮ್ಮ ಕರಾವಳಿಯಲ್ಲಿ ಇದು ಹೊಸದೇನಲ್ಲ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ಹೊತ್ತು ಹೋಗುವ ಮಂಜಿಗಳು ಮಳೆಗಾಲ ಶುರುವಾಗುವ ಮೊದಲೇ ಓಡಾಟ ನಿಲ್ಲಿಸುತ್ತವೆ. ಆ ದಿನದ ಸಮುದ್ರ ಹೇಗಿದೆ ಅಂತ ನೋಡಿ ಅಲ್ಲ, ತಾರೀಖು ನೋಡಿ. ಲಕ್ಷದ್ವೀಪವೂ ಅಬಾಕೊದಂತೆ ಸಮುದ್ರಕ್ಕಿಂತ ಕೆಲವೇ ಮೀಟರ್ ಎತ್ತರದ ನೆಲ, ಓಡಿಹೋಗಲು ಗುಡ್ಡವಿಲ್ಲ. 2017ರ ಡಿಸೆಂಬರ್ ಶುರುವಿನಲ್ಲಿ ಓಖಿ ಬಂದಾಗ ಅದು ಗೊತ್ತಾಯಿತು. ಆ ಬಿರುಗಾಳಿ ಮಳೆಗಾಲ ಮುಗಿದ ಮೇಲೆ ಬಂದದ್ದು, ಹಾಗಾಗಿ ತಾರೀಖೂ ಪೂರ್ತಿ ಕಾಯುವುದಿಲ್ಲ.

ನೀರು ಇಳಿದ ಮೇಲೆ

ಮಾರ್ಷ್ ಹಾರ್ಬರ್‌ನಲ್ಲಿ ಉಳಿದವರು ಸರ್ಕಾರಿ ಕಚೇರಿ ಕಟ್ಟಡದಲ್ಲಿ, ಆಸ್ಪತ್ರೆಯಲ್ಲಿ ಜೀವ ಹಿಡಿದುಕೊಂಡಿದ್ದರು. ಹೈಟಿಯಿಂದ ಬಂದು ನೆಲೆಸಿದ ಕೂಲಿಕಾರರ ಕೇರಿಗಳು, ದಿ ಮಡ್ ಮತ್ತು ಪಿಜನ್ ಪೀಸ್, ಹಲಗೆ ಮನೆಗಳ ರಾಶಿಯಾಗಿದ್ದವು. ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ಮೇಲೆ ನಾನು ಬರೆದ ಕಟ್ಟೋದಾ, ಓಡೋದಾ, ವಿಮಾನ ಹತ್ತೋದಾ ಎಂಬ ಪ್ರಶ್ನೆಗಳೆಲ್ಲ ದೋಣಿ ಇದ್ದವರ, ಪಾಸ್‌ಪೋರ್ಟ್ ಇದ್ದವರ ಪ್ರಶ್ನೆಗಳು. ಈ ಕೇರಿಯವರಲ್ಲಿ ಎಷ್ಟೋ ಜನರ ಹತ್ತಿರ ಕಾಗದಪತ್ರವೇ ಇರಲಿಲ್ಲ. ಆಶ್ರಯ ಕೇಂದ್ರಕ್ಕೆ ಹೋದರೆ ಹಿಡಿದು ಗಡೀಪಾರು ಮಾಡುತ್ತಾರೆ ಎಂಬ ಹೆದರಿಕೆ ಬೇರೆ. ಚಂಡಮಾರುತದ ಸಾವುಗಳನ್ನು ಎಣಿಸುವಾಗ ಈ ಹೆದರಿಕೆಯನ್ನೂ ಎಣಿಸಬೇಕು.

ಹೋಪ್ ಟೌನ್‌ನ ದೀಪಸ್ತಂಭ ಉಳಿಯಿತು. 1860ರ ದಶಕದಲ್ಲಿ ಕಟ್ಟಿದ್ದು, ಕೆಂಪು ಬಿಳಿ ಪಟ್ಟೆಯದು, ಸೀಮೆಎಣ್ಣೆಯ ದೀಪ. ಆ ಕಾಲದಲ್ಲಿ ಊರಿನವರೇ ಅದನ್ನು ಕಟ್ಟಲು ವಿರೋಧಿಸಿದ್ದರಂತೆ, ಯಾಕೆಂದರೆ ಬಂಡೆಗೆ ಬಡಿದ ಹಡಗುಗಳ ಸಾಮಾನು ಎತ್ತುವುದು ಅವರ ಸಂಪಾದನೆಯಾಗಿತ್ತು.

ಚಂಡಮಾರುತ ಹೋದ ಕೂಡಲೇ ಫ್ಲಾರಿಡಾದಿಂದ ನೂರಾರು ಜನ ತಮ್ಮ ಸ್ವಂತ ದೋಣಿ, ಸ್ವಂತ ಪುಟ್ಟ ವಿಮಾನಗಳಲ್ಲಿ ನೀರು, ಜನರೇಟರ್, ಔಷಧಿ ತುಂಬಿಕೊಂಡು ಹೊರಟರು. ಅಮೆರಿಕದ ಕೋಸ್ಟ್ ಗಾರ್ಡ್ ಹೆಲಿಕಾಪ್ಟರ್‌ಗಳು, ಬ್ರಿಟನ್ನಿನ ಮೌಂಟ್ಸ್ ಬೇ ಹಡಗು ಮೊದಲೇ ಕೆಲಸಕ್ಕಿಳಿದಿದ್ದವು. ಒಂದು ಪ್ರವಾಸಿ ಹಡಗು ಫ್ರೀಪೋರ್ಟ್‌ನಿಂದ ಸಾವಿರಕ್ಕೂ ಹೆಚ್ಚು ಜನರನ್ನು ಪಾಮ್ ಬೀಚ್‌ಗೆ ಕರೆದೊಯ್ದಿತು. ಸಣ್ಣ ದೋಣಿಯವರ ಉಪಕಾರ ಕಮ್ಮಿಯದಲ್ಲ. ಹೊರಗಿನ ಕುದುರುಗಳ ಮುರಿದ ದಕ್ಕೆಗಳಿಗೆ ದೊಡ್ಡ ಹಡಗು ಹೋಗುವ ಹಾಗೇ ಇರಲಿಲ್ಲ. ಆ ನೀರಿನ ಆಳ, ಬಂಡೆ, ತಿರುವು ಗೊತ್ತಿದ್ದದ್ದು ವರ್ಷಾನುಗಟ್ಟಲೆ ಅಲ್ಲಿ ಹಾಯಿ ಹಾಕಿದವರಿಗೆ.

ಆದರೆ ಹಾಗೆ ನೆರವಿಗೆ ಹೊರಡುವವರು ಎರಡು ವಿಷಯ ಗಟ್ಟಿಮಾಡಿಕೊಳ್ಳಬೇಕು. ಒಂದು, ತಮ್ಮ ಊಟ, ನೀರು, ವಾಪಸ್ ಬರುವ ಡೀಸೆಲ್ ತಾವೇ ಒಯ್ಯಬೇಕು, ಅಲ್ಲಿಯ ಒಂದು ಲೀಟರನ್ನೂ ಮುಟ್ಟಬಾರದು. ಇನ್ನೊಂದು, ಹಳೆಯ ನಕ್ಷೆ, ಹಳೆಯ ನೆನಪು ಎರಡನ್ನೂ ನಂಬಿ ರಾತ್ರಿ ಬಂದರಿನೊಳಗೆ ನುಗ್ಗಬಾರದು. ಗುರುತಿಗೆ ತೇಲಬಿಟ್ಟ ಬೋಯೆಗಳು ಜಾಗ ಬಿಟ್ಟಿರುತ್ತವೆ, ಮುಳುಗಿದ ದೋಣಿಗಳ ಹಾಯಿಕಂಬಗಳು ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ನಿಂತಿರುತ್ತವೆ. ಬೆಳಕು ಹರಿಯುವವರೆಗೆ ಹೊರಗೆ ಲಂಗರು ಹಾಕಿ ಕಾಯುವುದೇ ಸರಿ.